ಕುಟುಂಬ ವೈದ್ಯರು ಮತ್ತು ಕಸುಬಿನ ಕಾಯಿಲೆಗಳು: ಶಿಕಾರಿಪುರ–ಸೊರಬ ಸೀಮೆಯಲ್ಲಿ ಮುಂದುವರಿಕೆ ಶಿಕ್ಷಣ

ದುಡಿಮೆಯಿಂದ ಬರುವ ಅಥವಾ ದುಡಿಮೆಯಿಂದ ಹೆಚ್ಚುವ ಕಾಯಿಲೆಗಳನ್ನು ಗುರುತಿಸುವ, ತಡೆಯುವ, ವಾಸಿಯಾದವರು ಮತ್ತೆ ಅದೇ ಕೆಲಸಕ್ಕೆ ಮರಳಬಹುದೇ ಎಂದು ತೀರ್ಮಾನಿಸುವ ಶಾಖೆ ಔದ್ಯೋಗಿಕ ವೈದ್ಯಶಾಸ್ತ್ರ. ಎಂಬಿಬಿಎಸ್ ಓದುವವರಿಗೆ ಇದು ಸಮುದಾಯ ವೈದ್ಯಶಾಸ್ತ್ರದ ಪುಸ್ತಕದ ಒಂದು ಅಧ್ಯಾಯ. ಸೀಸದ ವಿಷ, ಸಿಲಿಕೋಸಿಸ್, ಹತ್ತಿ ಗಿರಣಿಯ ಬಿಸಿನೋಸಿಸ್ ಓದಿ ಪರೀಕ್ಷೆ ಬರೆದರೆ ಮುಗಿಯಿತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ದವಾಖಾನೆ ತೆರೆದು ಕೂತವರ ಮುಂದೆ ಬರುವವರು ಬೇರೆ ಜನ: ಗದ್ದೆ ನಾಟಿಯವರು, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರು, ಅಡಿಕೆ ಸುಲಿಯುವ ಹೆಂಗಸರು, ಮೆಕ್ಕೆಜೋಳಕ್ಕೂ ಶುಂಠಿಗೂ ಔಷಧ ಹೊಡೆಯುವವರು, ಕಾಡಿನಿಂದ ಸೊಪ್ಪು, ದರಗು (ಒಣಗಿದ ಎಲೆ) ತರುವವರು, ದನಗಾಹಿಗಳು. ಇವರ ಕಾಯಿಲೆಗಳ ಬಗ್ಗೆ ಕುಟುಂಬ ವೈದ್ಯರು ಪದವಿಯ ನಂತರ ಏನು ಕಲಿಯಬೇಕು, ಎಲ್ಲಿ ಕಲಿಯಬಹುದು, ಯಾವುದು ಪಠ್ಯದಿಂದ ಹೊರಗೇ ಉಳಿದಿದೆ ಎಂಬುದು ಇಲ್ಲಿನ ವಿಷಯ.

ಎರಡೂ ತಾಲ್ಲೂಕುಗಳು ಮಲೆನಾಡು ಬಯಲಿಗೆ ಇಳಿಯುವ ಅಂಚಿನಲ್ಲಿವೆ. ದಂಡಾವತಿ, ವರದಾ ನದಿಗಳ ಸೊರಬದಲ್ಲಿ ಅಡಿಕೆ ತೋಟ, ಭತ್ತದ ಗದ್ದೆ, ಮಧ್ಯೆ ಮಧ್ಯೆ ಕಾಡು. ಕುಮುದ್ವತಿಯ ಅಂಜನಾಪುರ ಜಲಾಶಯವಿರುವ ಶಿಕಾರಿಪುರದಲ್ಲಿ ಭತ್ತ, ಮೆಕ್ಕೆಜೋಳ. ಈಚೆಗೆ ಅಲ್ಲೂ ಹೊಲಗಳು ಅಡಿಕೆ ತೋಟಗಳಾಗುತ್ತಿವೆ. ದೊಡ್ಡ ಕಾರ್ಖಾನೆಗಳ ಸೀಮೆ ಇದಲ್ಲ. ಹಾಗಾಗಿ ಇಲ್ಲಿ ಕಸುಬಿನ ಕಾಯಿಲೆಯೇ ಇಲ್ಲ ಎಂದು ತಿಳಿದವರಿದ್ದಾರೆ. ಆದರೆ ಕರ್ನಾಟಕದಲ್ಲಿ ಪತ್ತೆಯಾಗಿ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ ಕಾಯಿಲೆಯೊಂದು ಸೊರಬ ತಾಲ್ಲೂಕಿನ ಕಾಡಿನ ಹೆಸರನ್ನೇ ಹೊತ್ತಿದೆ, ಮತ್ತು ಅದು ಬಹುಪಾಲು ಕಸುಬಿನ ಕಾಯಿಲೆಯೇ.

ಕ್ಯಾಸನೂರು, 1957

1957ರ ಆರಂಭದಲ್ಲಿ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದರು. ಮೊದಲು ವಿಷಮಶೀತ ಜ್ವರ ಎಂದುಕೊಂಡರು. ಮಂಗಗಳ ಸಾವು ಕೇಳಿದ ಮೇಲೆ, ಭಾರತದಲ್ಲಿ ಅದುವರೆಗೆ ಇಲ್ಲದ ಹಳದಿ ಜ್ವರ ಕಾಲಿಟ್ಟಿತೇ ಎಂಬ ಆತಂಕ ಹುಟ್ಟಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರ ತಂಡ ಬಂದಿತು. ಪ್ರತ್ಯೇಕಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳ ವಸಂತ–ಬೇಸಿಗೆ ಮಿದುಳುರಿತದ ವೈರಸ್ ಗುಂಪಿಗೆ ಸೇರಿತ್ತು. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯಿಂದ. ಪುಣೆಯ ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಊರವರಿಗೆ ಕಾಯಿಲೆ ಅಂದಿನಿಂದ ಇಂದಿನವರೆಗೂ ಮಂಗನ ಕಾಯಿಲೆಯೇ.

ಇದನ್ನು ಕಸುಬಿನ ಕಾಯಿಲೆ ಎನ್ನಲು ಕಾರಣ ಉಣುಗಿನ ವರ್ಷಚಕ್ರದಲ್ಲಿದೆ. ಮಳೆಗಾಲದಲ್ಲಿ ಬಲಿತ ಉಣುಗು ದನ, ಕಾಡುಪ್ರಾಣಿಗಳ ಮೈಯಲ್ಲಿರುತ್ತದೆ. ಮಳೆ ಮುಗಿದ ಮೇಲೆ ಮರಿಗಳು ನೆಲದ ಎಲೆ, ಹುಲ್ಲಿನ ಮೇಲೆ ಗುಂಪಾಗಿ ಸೇರುತ್ತವೆ. ಡಿಸೆಂಬರಿನಿಂದ ಮೇ ತನಕ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ನಡುಹಂತದ ಉಣುಗು ಮನುಷ್ಯರನ್ನು ಕಚ್ಚುವ ಕಾಲ. ಸೌದೆ ತರುವುದು, ತೋಟಕ್ಕೂ ಕೊಟ್ಟಿಗೆಗೂ ದರಗು ಗುಡಿಸುವುದು, ಸೊಪ್ಪಿನಬೆಟ್ಟಕ್ಕೆ ಹೋಗುವುದು, ದನ ಮೇಯಿಸುವುದು, ಅಡಿಕೆ ಕೊಯ್ಲು, ಎಲ್ಲವೂ ಇದೇ ತಿಂಗಳುಗಳ ಕೆಲಸ. ಮನೆಯಲ್ಲೇ ಇರುವವರಿಗಿಂತ ಕಾಡಂಚಿಗೆ ಕೂಲಿಗೆ ಹೋಗುವವರಿಗೆ ಕಾಯಿಲೆ ಹೆಚ್ಚು ಬರುವುದು ಇದರಿಂದಲೇ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮನೆಯವರು ರೋಗಿಯನ್ನು ಆರೈಕೆ ಮಾಡಲು ಹೆದರಬೇಕಿಲ್ಲ. ಈ ವೈರಸ್ ಜೊತೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿದ ಪ್ರಕರಣಗಳು ದಾಖಲಾಗಿವೆ. ಕೂಲಿಯವರಿಗೂ ವಿಜ್ಞಾನಿಗಳಿಗೂ ಅವರವರ ಕೆಲಸದಿಂದಲೇ ಬಂದ ಒಂದೇ ಕಾಯಿಲೆ ಎಂಬುದು ವೈದ್ಯಕೀಯ ಚರಿತ್ರೆಯಲ್ಲಿ ಅಷ್ಟೇನೂ ಪದೇ ಪದೇ ಸಿಗುವ ಸಂಗತಿಯಲ್ಲ.

ಕಾಯಿಲೆ ಹರಡಿದ ದಾರಿಯೂ ದುಡಿಮೆಯ ದಾರಿಯೇ. ಕಾಡು ಕಡಿದು ಗದ್ದೆ ಮಾಡಿದಾಗ ದನಗಳು ಕಾಡಂಚಿಗೆ ಬಂದವು, ದನಗಳ ರಕ್ತ ಕುಡಿದು ಉಣುಗು ಹೆಚ್ಚಿತು ಎಂದು ಪುಣೆಯ ಸಂಸ್ಥೆಯ ಸಾಗರದ ಕ್ಷೇತ್ರ ಕೇಂದ್ರದಲ್ಲಿ ದುಡಿದ ಜಾರ್ಜ್ ಬೊಷೆಲ್ 1969ರಲ್ಲೇ ವಾದಿಸಿದ್ದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ತೆರವು ಮಾಡಿದ ಕಡೆ ದೊಡ್ಡ ಸ್ಫೋಟವಾಯಿತು. ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದ ದೋಡಾಮಾರ್ಗದಲ್ಲೂ ಕಂಡಿತು. 2018–19ರಲ್ಲಿ ಸಾಗರದ ಅರಳಗೋಡು ಸುದ್ದಿಯಾಯಿತು. 2024ರಲ್ಲಿ ಸೊರಬದ ನೆರೆಯ ಸಿದ್ದಾಪುರ ತಾಲ್ಲೂಕು ಹೆಚ್ಚು ನರಳಿತು.

ಒಪಿಡಿಯಲ್ಲಿ ಒಂದು ಪ್ರಶ್ನೆ

ಇಟಲಿಯ ಬರ್ನಾರ್ಡಿನೊ ರಾಮಾಜ್ಜೀನಿ 1700ರಲ್ಲಿ ಕಸುಬಿನವರ ರೋಗಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಪುಸ್ತಕ ಬರೆದು, ಹಿಪೊಕ್ರೇಟಿಸ್ ಕೇಳಲು ಹೇಳಿದ ಪ್ರಶ್ನೆಗಳ ಜೊತೆಗೆ ನಿನ್ನ ಕಸುಬೇನು ಎಂಬುದನ್ನೂ ಕೇಳಬೇಕೆಂದರು. ಸೊರಬದ ವೈದ್ಯರಿಗೆ ಅಷ್ಟು ಸಾಲದು. ಕಸುಬು ಕೇಳಿದರೆ ಬರುವ ಉತ್ತರ ‘ಕೂಲಿ’ ಅಥವಾ ‘ಬೇಸಾಯ’. ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು, ಕಳೆದ ಹದಿನೈದು ದಿನ ಯಾವ ಕೆಲಸಕ್ಕೆ ಹೋಗಿದ್ದೆ, ಎಲ್ಲಿಗೆ, ಕಾಡಿಗೋ ಗದ್ದೆಗೋ, ಬರಿಗಾಲಲ್ಲೋ ಎಂದು. ಹಾಗೆ ಕೇಳಿದರೆ ರೋಗಪಟ್ಟಿಯೇ ಬದಲಾಗುತ್ತದೆ.

ಫೆಬ್ರವರಿಯ ಒಪಿಡಿಯೊಂದನ್ನು ಊಹಿಸಿಕೊಳ್ಳಬಹುದು. ನಾಲ್ಕು ದಿನದ ಜ್ವರ. ಚಳಿ ಹಿಡಿದು ಇದ್ದಕ್ಕಿದ್ದಂತೆ ಶುರುವಾದದ್ದು, ಹಣೆ ಒಡೆದುಹೋಗುವಂಥ ತಲೆನೋವು, ಸೊಂಟ, ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ಡೆಂಗಿ ಆಗಬಹುದು, ಇಲಿಜ್ವರ ಆಗಬಹುದು, ಸ್ಕ್ರಬ್ ಟೈಫಸ್ ಆಗಬಹುದು, ಮಂಗನ ಕಾಯಿಲೆ ಆಗಬಹುದು. ರಕ್ತಪರೀಕ್ಷೆಯಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಇಳಿದಿದ್ದರೆ ಡೆಂಗಿ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಮಂಗನ ಕಾಯಿಲೆಯಲ್ಲೂ ಅವು ಇಳಿಯುತ್ತವೆ. ಬೇಸಿಗೆ ಭತ್ತದ ಕೆಸರಲ್ಲಿ, ಇಲಿ ಓಡಾಡುವ ಬದುವಿನಲ್ಲಿ ಒಡೆದ ಕಾಲಿಟ್ಟು ನಿಂತಿದ್ದರೆ ಇಲಿಜ್ವರದ ಅನುಮಾನ ಮೇಲೇರಬೇಕು. ಡಾಕ್ಸಿಸೈಕ್ಲಿನ್ ಅಥವಾ ಪೆನ್ಸಿಲಿನ್ ಬೇಗ ಶುರುವಾದಷ್ಟೂ ಮೂತ್ರಪಿಂಡ ಉಳಿಯುವ ಸಾಧ್ಯತೆ ಹೆಚ್ಚು. ಪೊದೆ, ಹುಲ್ಲು ಸವರಿದ್ದರೆ ಬಟ್ಟೆ ಸರಿಸಿ ಕಂಕುಳು, ತೊಡೆಸಂದು, ಸೀರೆ ಕಟ್ಟುವ ಸೊಂಟದ ಗೆರೆ ನೋಡಬೇಕು: ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಸಿಕ್ಕರೆ ಸ್ಕ್ರಬ್ ಟೈಫಸ್, ಅದಕ್ಕೂ ಡಾಕ್ಸಿಸೈಕ್ಲಿನ್. ದರಗಿಗೆ ಹೋಗಿದ್ದರೆ, ಅಥವಾ ಆ ಕಾಡಲ್ಲಿ ಮಂಗ ಸತ್ತ ಸುದ್ದಿಯಿದ್ದರೆ, ಮಂಗನ ಕಾಯಿಲೆಯ ಪರೀಕ್ಷೆಗೆ ರಕ್ತದ ಮಾದರಿಯನ್ನು ತಣ್ಣಗಿಟ್ಟು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ ಎಲೈಸಾ.

ಮಂಗನ ಕಾಯಿಲೆ ಬಿಟ್ಟುಹೋದಂತೆ ಕಾಣುವುದೇ ಇಲ್ಲಿನ ಮೋಸ. ಒಂದೆರಡು ವಾರದಲ್ಲಿ ಜ್ವರ ಬಿಟ್ಟು, ರೋಗಿ ಎದ್ದು ಓಡಾಡುತ್ತಾರೆ. ಕೆಲವರಲ್ಲಿ ಆಮೇಲೆ ಮತ್ತೆ ಜ್ವರ ಬಂದು, ಕತ್ತು ಬಿಗಿತ, ಕೈ ನಡುಕ, ಮಂಕು ಕಾಣಿಸಿಕೊಳ್ಳುತ್ತದೆ. ಮೊದಲ ಜ್ವರ ಬಿಟ್ಟ ಮಾರನೆಯ ದಿನವೇ ಕೊಯ್ಲಿಗೆ ಹೋಗಲು ಫಿಟ್ ಎಂದು ಬರೆದುಕೊಟ್ಟರೆ ಈ ಎರಡನೆಯ ಸುತ್ತು ವೈದ್ಯರ ಕಣ್ಣಿಗೇ ಬೀಳುವುದಿಲ್ಲ. ಸತ್ತವರ ಪ್ರಮಾಣ ನೂರಕ್ಕೆ ಸುಮಾರು 3ರಿಂದ 5. ನೇರ ಔಷಧವಿಲ್ಲ, ನೀರು, ರಕ್ತಸ್ರಾವದ ನಿಗಾ, ಪ್ಯಾರಾಸಿಟಮಾಲ್. ಇಲ್ಲಿ ಹಳ್ಳಿ ದವಾಖಾನೆಗಳ ಒಂದು ಹಳೆಯ ಚಟದ ಬಗ್ಗೆ ಹೇಳಲೇಬೇಕು. ಮೈಕೈ ನೋವಿಗೆ ಡಿಕ್ಲೊಫೆನಾಕ್ ಸೂಜಿ ಚುಚ್ಚುವುದು ರೋಗಿಗೂ ಇಷ್ಟ, ವೈದ್ಯರಿಗೂ ಸಲೀಸು. ಪ್ಲೇಟ್‌ಲೆಟ್ ಕುಸಿಯುತ್ತಿರುವ ಮಂಗನ ಕಾಯಿಲೆಯ ರೋಗಿಗೆ ಅದು ರಕ್ತಸ್ರಾವಕ್ಕೆ ಕೊಟ್ಟ ಆಹ್ವಾನ. ಎರಡು ತಾಲ್ಲೂಕಿನ ವೈದ್ಯರಿಗೆ ಒಂದೇ ಒಂದು ಗಂಟೆಯ ಪಾಠ ಹೇಳುವ ಅವಕಾಶವಿದ್ದರೆ ಅದನ್ನು ಈ ಸೂಜಿಗೇ ಮೀಸಲಿಡುವುದು ಒಳಿತು.

ತಡೆಗೆ ಇದ್ದ ಲಸಿಕೆ ಈಗಿಲ್ಲ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುತ್ತಿದ್ದ, ತಿಂಗಳ ಅಂತರದಲ್ಲಿ ಎರಡು ಸಲ ಕೊಟ್ಟು ಮತ್ತೆ ಮತ್ತೆ ಬಲವರ್ಧಕ ಹಾಕಿಸಬೇಕಿದ್ದ ಹಳೆಯ ಲಸಿಕೆಯ ಪರಿಣಾಮ ಕಡಿಮೆ ಎಂದು ಗೊತ್ತಾದ ಮೇಲೆ 2022ರ ಸುಮಾರಿಗೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿಯೂ ಸೇರಿ ಹೊಸದನ್ನು ರೂಪಿಸುತ್ತಿವೆ. ಸದ್ಯಕ್ಕೆ ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೀಪಾ ಎಣ್ಣೆ, ಮೈಮುಚ್ಚುವ ಬಟ್ಟೆ, ಮರಳಿದ ಮೇಲೆ ಬಿಸಿನೀರ ಸ್ನಾನ, ಬಟ್ಟೆ ಕುದಿಸುವುದು. ಇವನ್ನು ಹೇಳಬೇಕಾದವರು ಆಶಾ ಕಾರ್ಯಕರ್ತೆಯರು ಎಂದು ವೈದ್ಯರು ಬಿಟ್ಟುಬಿಡುವುದುಂಟು. ಡಾಕ್ಟರ ಬಾಯಲ್ಲಿ ಬಂದ ಮಾತಿಗೆ ಊರಲ್ಲಿ ಬೇರೆಯೇ ತೂಕ.

ತೋಟ, ಗದ್ದೆ, ಹೊಲ

ಅಡಿಕೆ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಪದ್ಧತಿ ಮಲೆನಾಡಿನಲ್ಲಿ ಬೇರೂರಿದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಲೆಸ್ಲಿ ಕೋಲ್‌ಮನ್ ಅವರ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮಳೆಗಾಲದ ಮೊದಲ ವಾರಗಳಲ್ಲಿ ಮರದ ತುದಿಯಲ್ಲಿ ಕೂತು ಹೊಡೆಯುವವರ ಮುಖ, ಎದೆಯ ಮೇಲೆಲ್ಲ ನೀಲಿ ಹನಿ. ಸುಣ್ಣ ಕಣ್ಣಿಗೆ ಬಿದ್ದರೆ ಕಾರ್ನಿಯಾ ಸುಡುತ್ತದೆ. ಅಲ್ಲೇ, ಆ ಕ್ಷಣವೇ, ಧಾರಾಳ ನೀರಲ್ಲಿ ಕಣ್ಣು ತೊಳೆಯದೆ ಪೇಟೆಗೆ ಓಡಿಸಿಕೊಂಡು ಬಂದರೆ ದೃಷ್ಟಿ ದಾರಿಯಲ್ಲೇ ಹೋಗಬಹುದು. ಇದೇ ದ್ರಾವಣವನ್ನು ದ್ರಾಕ್ಷಿ ತೋಟಗಳಿಗೆ ಹೊಡೆಯುತ್ತಿದ್ದ ಪೋರ್ಚುಗಲ್ಲಿನ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರದ ಗಂಟುಗಳು ಕಂಡದ್ದನ್ನು 1969ರಲ್ಲಿ ವರದಿ ಮಾಡಲಾಯಿತು. ವರ್ಷಗಟ್ಟಲೆ ಔಷಧ ಹೊಡೆದ ಕೊನೆಗಾರರಿಗೆ ಒಣಕೆಮ್ಮು, ಏದುಸಿರು ಬಂದರೆ ಕ್ಷಯ, ಬೀಡಿ ಎರಡರ ಜೊತೆಗೆ ಇದನ್ನೂ ನೆನೆಯಬೇಕು. ಕೊನೆಗಾರರ ದೊಡ್ಡ ಅಪಾಯ ಮಾತ್ರ ಬೀಳುವುದೇ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವುದರಿಂದ ಬೆನ್ನುಹುರಿಗೆ ಆಗುವ ಹಾನಿ, ಬಿದ್ದದ್ದರಿಂದ ಆದದ್ದಕ್ಕಿಂತ ಹೆಚ್ಚಿರಬಹುದು. ನೆಲದಿಂದಲೇ ಕೊಯ್ಯುವ, ಔಷಧ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಮೇಲೆ ಮರ ಹತ್ತುವುದು ಕಡಿಮೆಯಾಗುತ್ತಿದೆ. ಈಗ ಕತ್ತು, ಭುಜದ ನೋವಿನವರು ಬರುತ್ತಾರೆ.

ಕೊಯ್ದ ಅಡಿಕೆ ಮನೆಯಂಗಳಕ್ಕೆ ಬಂದ ಮೇಲೆ ಕೆಲಸ ಹೆಂಗಸರದ್ದು. ಮಣೆಯ ಮೇಲೆ ಕೂತು, ಮೆಟ್ಟುಗತ್ತಿಯ ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದು, ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಕೂಲಿ ಲೆಕ್ಕ ಡಬ್ಬಕ್ಕೆ ಇಷ್ಟು ಎಂದು, ಹಾಗಾಗಿ ಕೈ ನಿಲ್ಲಿಸಿದರೆ ದುಡ್ಡೂ ನಿಲ್ಲುತ್ತದೆ. ಊಟ ಮುಗಿಸಿ ಕೂತವರು ನಡುರಾತ್ರಿವರೆಗೂ ಏಳುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ಚರ್ಮ ಚೊಗರು ಹಿಡಿದು ಕಪ್ಪಾಗಿ ಸೀಳಿರುತ್ತದೆ, ಸೀಳಿನಲ್ಲಿ ಕೀವು. ಮಣಿಕಟ್ಟಿನ ಜುಮುಗುಡುವಿಕೆ, ರಾತ್ರಿ ಎಚ್ಚರವಾಗುವಷ್ಟು ಕೈನೋವು ಕಾರ್ಪಲ್ ಟನಲ್ ಸಿಂಡ್ರೋಮಿನ ಲಕ್ಷಣಗಳು. ಇವರಿಗೆ ವಿಟಮಿನ್ ಮಾತ್ರೆ ಬರೆದು ಕಳಿಸುವುದು ಎಲ್ಲೆಡೆ ನಡೆಯುವ ಚಿಕಿತ್ಸೆ. ಮಣೆ ಎತ್ತರಿಸುವುದು, ಗಂಟೆಗೊಮ್ಮೆ ಎದ್ದು ನಿಲ್ಲುವುದು, ಟೆಟನಸ್ ಚುಚ್ಚುಮದ್ದು ಬಾಕಿಯಿದೆಯೇ ನೋಡುವುದು, ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟುವುದು, ಇದಕ್ಕೆ ಮಾತ್ರೆಗಿಂತ ಕಡಿಮೆ ಖರ್ಚು. ಸುಲಿಯುವ ಯಂತ್ರ ಬಂದ ಕಡೆ ಬೆರಳಿನ ಸೀಳು ಹೋಗಿ ಧೂಳು, ಸದ್ದು ಬಂದಿವೆ.

ಕೀಟನಾಶಕದ ವಿಷಯದಲ್ಲಿ ವೈದ್ಯರು ಕಲಿತಿರುವುದು ಕುಡಿದು ಬಂದವರ ಚಿಕಿತ್ಸೆಯನ್ನು. ಹೊಡೆಯುತ್ತಾ ಹೊಡೆಯುತ್ತಾ ಚರ್ಮದಿಂದ ಇಳಿದ ವಿಷ ಬೇರೆ ಮುಖ ಹೊತ್ತು ಬರುತ್ತದೆ: ಸಂಜೆ ತಲೆಸುತ್ತು, ವಾಕರಿಕೆ, ಬೆವರು, ಕಣ್ಣು ಮಂಜು. ಬಿಸಿಲು ಬಡಿದಿದೆ ಎಂದು ಗ್ಲುಕೋಸ್ ಏರಿಸುವ ಮುನ್ನ ಟಾರ್ಚ್ ಹಿಡಿದು ಪಾಪೆ ನೋಡಬೇಕು. ಸೂಜಿಮೊನೆಯಷ್ಟು ಸಣ್ಣದಾಗಿದ್ದು, ಜೊಲ್ಲು ಸುರಿಯುತ್ತಿದ್ದರೆ ಅದು ಆರ್ಗನೊಫಾಸ್ಫೇಟ್. ಆಟ್ರೊಪಿನ್ ಶುರುಮಾಡಿ, ಬಟ್ಟೆ ಬಿಚ್ಚಿಸಿ ಸೋಪು ಹಾಕಿ ಮೈ ತೊಳೆಸಬೇಕು. ಒದ್ದೆ ಬಟ್ಟೆಯಲ್ಲೇ ಮಲಗಿಸಿ ಆಟ್ರೊಪಿನ್ ಕೊಡುತ್ತಿದ್ದರೆ ವಿಷ ಒಳಗೆ ಇಳಿಯುತ್ತಲೇ ಇರುತ್ತದೆ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವಿಲ್ಲ, ಮತ್ತು ಅದರಲ್ಲಿ ಅನಗತ್ಯವಾಗಿ ಆಮ್ಲಜನಕ ಕೊಟ್ಟರೆ ಶ್ವಾಸಕೋಶದ ಹಾನಿ ಹೆಚ್ಚುತ್ತದೆ.

ಕುಟುಂಬ ವೈದ್ಯರು ಏನು ಮಾಡಬಲ್ಲರು ಎಂಬುದಕ್ಕೆ ಕನ್ನಡದ ನೆಲದಲ್ಲೇ ದೊಡ್ಡ ಉದಾಹರಣೆಯಿದೆ. ಕಾಸರಗೋಡಿನ ಪಡ್ರೆಯಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಒಂದೇ ಪ್ರದೇಶದ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಹೆಚ್ಚಾಗಿರುವುದನ್ನು ತಮ್ಮ ರೋಗಿಗಳಲ್ಲೇ ಗಮನಿಸಿದರು. ಸುತ್ತ ಇದ್ದದ್ದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿತ್ತು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಇದನ್ನು ಹೊರಗೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನಕ್ಕೆ ಬಂದಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ದೇಶದಾದ್ಯಂತ ತಡೆ ನೀಡಿತು. ಯಾವ ಕಾಯಿಲೆಗೆ ಎಷ್ಟರ ಮಟ್ಟಿಗೆ ಎಂಡೋಸಲ್ಫಾನ್ ಕಾರಣ ಎಂಬ ವಾದ ಇನ್ನೂ ಮುಗಿದಿಲ್ಲ, ಆದರೆ ಮೊದಲ ಅನುಮಾನ ಮೂಡಿದ್ದು ಒಂದು ಹಳ್ಳಿಯ ದವಾಖಾನೆಯಲ್ಲಿ.

ಅನುಮಾನ ಎಡವಿದ ಉದಾಹರಣೆಯೂ ಹತ್ತಿರದ್ದೇ. ಸಾಗರದ ಹಂದಿಗೋಡಿನಲ್ಲಿ 1974–75ರ ಸುಮಾರಿಗೆ ಕೃಷಿ ಕೂಲಿಕಾರರ ಮನೆಗಳಲ್ಲಿ ಸೊಂಟ, ಮೊಣಕಾಲು ಸವೆದು ನಡೆಯಲಾಗದ ಕಾಯಿಲೆ ಕಂಡಾಗ, ಗದ್ದೆಯ ಕೀಟನಾಶಕ ಸೇರಿದ ಏಡಿ, ಮೀನು ತಿಂದದ್ದೇ ಕಾರಣವೆಂಬ ಅನುಮಾನ ಬಲವಾಗಿತ್ತು. ಮುಂದೆ ಅದು ವಂಶವಾಹಿಯಲ್ಲಿ ಬರುವ ಮೂಳೆಬೆಳವಣಿಗೆಯ ದೋಷ ಎಂದು ತಿಳಿಯಿತು. ಕೂಲಿಯವರಿಗೆ ಬಂದದ್ದೆಲ್ಲ ಕೂಲಿಯಿಂದ ಬಂದದ್ದಲ್ಲ. ತರಬೇತಿಯಲ್ಲಿ ಪಡ್ರೆ, ಹಂದಿಗೋಡು ಎರಡನ್ನೂ ಒಟ್ಟಿಗೇ ಪಾಠ ಮಾಡಬೇಕು.

ಕಲಿಯಬೇಕಾದ್ದು ಇನ್ನೂ ಇದೆ. ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರವರಿಯಲ್ಲಿ ವರದಿ ಮಾಡಲೇಬೇಕಾದವುಗಳ ಪಟ್ಟಿಗೆ ಸೇರಿಸಿತು. ಪಶ್ಚಿಮ ಘಟ್ಟದ ತೋಟಗಳ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಈಗಿರುವ ನಾಲ್ಕು ಹಾವಿನ ಪ್ರತಿವಿಷ ಕೆಲಸ ಮಾಡುವುದಿಲ್ಲ ಎಂಬುದು ಇಲ್ಲಿನ ವೈದ್ಯರಿಗೆ ಗೊತ್ತಿರಬೇಕು. ಜಲ್ಲಿ ಕ್ರಷರಿನ ಸಿಲಿಕೋಸಿಸ್ ಕ್ಷಯದ ವೇಷದಲ್ಲಿ ಬರುತ್ತದೆ, ಕ್ಷಯವನ್ನೂ ಕರೆತರುತ್ತದೆ. ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಹೊಗಳುವವರು ಬಹಳ, ಅವರ ಮೂಗಿನೊಳಗೆ ಇಣುಕಿ ನೋಡಿದವರು ಕಡಿಮೆ. ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿನಲ್ಲಿಟ್ಟಿದೆ.

ಎಲ್ಲಿ ಕಲಿಯುವುದು

2002ರ ವೈದ್ಯ ವೃತ್ತಿ ನಡವಳಿಕೆಯ ನಿಯಮಾವಳಿ ಪ್ರಕಾರ ವೈದ್ಯರು ಐದು ವರ್ಷಕ್ಕೆ 30 ಗಂಟೆಯಾದರೂ ಮುಂದುವರಿಕೆ ಶಿಕ್ಷಣ ಪಡೆಯಬೇಕು. ಈ ಗಂಟೆಗಳು ಬಹುತೇಕ ತುಂಬುವುದು ನಗರದ ಹೋಟೆಲುಗಳಲ್ಲಿ ನಡೆಯುವ ಸಕ್ಕರೆ ಕಾಯಿಲೆ, ಹೃದಯದ ಉಪನ್ಯಾಸಗಳಿಂದ. ಅವು ಬೇಡವೆಂದಲ್ಲ. ಆದರೆ ಅಲ್ಲಿ ಉಣುಗಿಗೆ ಪ್ರಾಯೋಜಕರು ಸಿಗುವುದಿಲ್ಲ.

ಔದ್ಯೋಗಿಕ ವೈದ್ಯಶಾಸ್ತ್ರಕ್ಕೇ ಮೀಸಲಾದ, ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಅರ್ಹತೆ ಎಎಫ್ಐಎಚ್ (ಅಸೋಸಿಯೇಟ್ ಫೆಲೊ ಆಫ್ ಇಂಡಸ್ಟ್ರಿಯಲ್ ಹೆಲ್ತ್). ಎಂಬಿಬಿಎಸ್ ಆದವರಿಗೆ ಮೂರು ತಿಂಗಳ ಕೋರ್ಸು. ಕರ್ನಾಟಕದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇದನ್ನು ನಡೆಸಿದೆ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಬೆಂಗಳೂರಿನಲ್ಲಿದೆ. ಈ ಕೋರ್ಸು ಹುಟ್ಟಿದ್ದು ಕಾರ್ಖಾನೆ ವೈದ್ಯಾಧಿಕಾರಿಗಳಿಗಾಗಿ, ಪಠ್ಯದ ಬೆನ್ನೆಲುಬೂ 1948ರ ಕಾರ್ಖಾನೆ ಕಾಯ್ದೆಯೇ. ಆನವಟ್ಟಿಯಲ್ಲೋ ಶಿರಾಳಕೊಪ್ಪದಲ್ಲೋ ಒಬ್ಬರೇ ದವಾಖಾನೆ ನಡೆಸುವವರು ಮೂರು ತಿಂಗಳು ಬಾಗಿಲು ಹಾಕಿ ಬೆಂಗಳೂರಿಗೆ ಹೋಗಿ ಬಾಯ್ಲರ್ ಮನೆಯ ಶಬ್ದ ಅಳೆಯಲು ಕಲಿತು ಬಂದರೆ ಊರಿಗೆ ಆಗುವ ಲಾಭ ಕಡಿಮೆ. ಬ್ರಿಟನ್ನಿನಲ್ಲಿ ಔದ್ಯೋಗಿಕ ವೈದ್ಯ ಮಂಡಳಿ ಸಾಮಾನ್ಯ ವೈದ್ಯರಿಗೂ ಎಟುಕುವ ಡಿಪ್ಲೊಮಾ ಇಟ್ಟಿದೆ. ಅದರ ಪಠ್ಯ ನಮಗೆ ಹೊಂದದಿದ್ದರೂ, ಕೆಲಸ ಬಿಡದೆ ಕಲಿಯುವ ವ್ಯವಸ್ಥೆ ಹೊಂದುತ್ತದೆ. ಶಿವಮೊಗ್ಗದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ವೈರಸ್ ಪ್ರಯೋಗಾಲಯವಿದೆ, ಕೃಷಿ ವಿಶ್ವವಿದ್ಯಾಲಯವಿದೆ. ಕೊಯ್ಲಿಗೆ ಮುಂಚೆ ಅಕ್ಟೋಬರಿನಲ್ಲಿ ಉಣುಗು, ನಾಟಿಗೆ ಮುಂಚೆ ಇಲಿಜ್ವರ ಮತ್ತು ಹಾವು, ಔಷಧ ಹೊಡೆಯುವ ಮುಂಚೆ ವಿಷ ಎಂದು ಕೃಷಿ ಪಂಚಾಂಗದ ಪ್ರಕಾರ ತಾಲ್ಲೂಕು ಆಸ್ಪತ್ರೆಯಲ್ಲೇ ಅರ್ಧ ದಿನದ ತರಗತಿ ನಡೆಸಲು ಹೊಸ ಕಟ್ಟಡವೇನೂ ಬೇಡ.

ಕಾನೂನಿನ ಪಾಠವೂ ಇದರಲ್ಲೇ ಸೇರಬೇಕು. ಕಾರ್ಖಾನೆ ಕಾಯ್ದೆಯ 89ನೇ ಕಲಂ, ಮೂರನೇ ಅನುಸೂಚಿಯ 29 ರೋಗಗಳಲ್ಲಿ ಒಂದನ್ನು ಕಂಡ ಯಾವುದೇ ವೈದ್ಯರು, ಕಾರ್ಖಾನೆಯ ಸಂಬಳದಲ್ಲಿ ಇಲ್ಲದಿದ್ದರೂ, ಮುಖ್ಯ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಬೇಕು ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಆ ಹೊಣೆಯನ್ನು ಉಳಿಸಿಕೊಂಡಿದೆ. ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ, ದನದ ಆಂಥ್ರಾಕ್ಸ್ ಇದೆ, ಮಂಗನ ಕಾಯಿಲೆ ಇಲ್ಲ. ಸಣ್ಣ ತೋಟ, ಮನೆಯಂಗಳದ ಸುಲಿಮಣೆ ಸಂಹಿತೆಯ ಅಳತೆಗೆ ಸಾಮಾನ್ಯವಾಗಿ ಸಿಗುವುದೂ ಇಲ್ಲ.

ಒಂದು ಕಿಂಡಿಯಿದೆ. 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯ ಮೊದಲ ಭಾಗದಲ್ಲಿ, ಸೋಂಕಿನ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗುಲಿದ ಸಾಂಕ್ರಾಮಿಕ ರೋಗಗಳು ಸೇರಿವೆ. ಆಸ್ಪತ್ರೆ, ಪಶುವೈದ್ಯಕೀಯ ಕೆಲಸಗಳ ಜೊತೆಗೆ ಅಂಥದೇ ಅಪಾಯದ ಇತರ ಕೆಲಸ ಎಂಬ ಬಾಗಿಲನ್ನೂ ತೆರೆದಿಟ್ಟಿದೆ. ಈ ಸಂಹಿತೆಯ ವ್ಯಾಪ್ತಿಗೆ ಬರುವ ನೆಡುತೋಪಿನ ಅಥವಾ ಅರಣ್ಯ ಕೆಲಸದ ಕೂಲಿಯವರು ಆ ಬಾಗಿಲು ತಟ್ಟಬೇಕಾದರೆ ಕೈಯಲ್ಲಿ ಇರುವ ಮೊದಲ ಸಾಕ್ಷಿ ದವಾಖಾನೆಯ ಚೀಟಿ. ಅದರಲ್ಲಿ ಬರೀ ಜ್ವರ ಎಂದಿದ್ದರೆ ಪ್ರಕರಣ ಅಲ್ಲೇ ಮುಗಿಯುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ, ಇಂಥವರ ಕೆಲಸಕ್ಕೆ, ಇಂಥ ಕಾಡಿನಲ್ಲಿ ದರಗು ಗುಡಿಸಿದ ನಂತರ ಬಂದ ಜ್ವರ, ಮಾದರಿ ಶಿವಮೊಗ್ಗಕ್ಕೆ ಕಳಿಸಲಾಗಿದೆ ಎಂದು ಬರೆಯಲು ಹಿಡಿಯುವುದು ಇನ್ನೆರಡು ಸಾಲು.